ಉಳಿದ ಎಂಟು ಪುಟ

ಎಲ್ಲ ಅನರ್ಥಕ್ಕೂ ಕಾರಣ ಎಂಟು ಖಾಲಿ ಪುಟ. ಪುಸ್ತಕವನ್ನು ಒಂದೊಂದೇ ಪುಟವಾಗಿ ಯಾರೂ ಅಚ್ಚು ಹಾಕುವುದಿಲ್ಲ. ಹದಿನಾರು ಪುಟ ಸೇರಿದರೆ ಒಂದು ಫಾರಂ. ಆ ಹಳೆಯ ಭಯಾನಕ ಕಾದಂಬರಿ ಕೊನೆಯ ಫಾರಂನ ಅರ್ಧಕ್ಕೇ ಮುಗಿದುಹೋಗಿತ್ತು. ಉಳಿದ ಎಂಟು ಪುಟಗಳನ್ನು ನೋಡಿ ಪ್ರೆಸ್ಸಿನ ಯಜಮಾನರಿಗೆ, ಖಾಲಿ ಸೀಟು ಕಂಡ ಬಸ್ ಕಂಡಕ್ಟರನ ಹಾಗೆ ಚಡಪಡಿಕೆ ಶುರುವಾಯಿತು.

"ಲೇಖಕರ ಬದುಕು ಮತ್ತು ಕಾಲ ಅಂತ ಒಂದು ಹಿನ್ನುಡಿ ಬರೆದು ತುಂಬಿಸಿಬಿಡಿ," ಎಂದು ಪ್ರೂಫಯ್ಯನಿಗೆ ಹೇಳಿದರು. "ಇಂಥ ಭೀಕರ ಕತೆ ಹುಟ್ಟಬೇಕಾದ್ರೆ ಅವರು ಎಂಥ ಜೀವನ ನಡೆಸಿರಬೇಕು. ಓದೋರಿಗೆ ಈಗ ಅದೇ ಬೇಕು."

"ಅವರ ಹೆಸರು, ಇಸವಿ ಬಿಟ್ರೆ ನಮಗೆ ಏನೂ ಗೊತ್ತಿಲ್ವಲ್ಲ ಸಾರ್."

"ಸತ್ತು ಅರವತ್ತು ವರ್ಷ ಆಯ್ತು. ಯಾರು ಎದ್ದು ಬಂದು ಕೇಳ್ತಾರೆ?"

ಪ್ರೂಫಯ್ಯ ಇಪ್ಪತ್ತಾರು ವರ್ಷದಿಂದ ಆ ಪ್ರೆಸ್ಸಿನಲ್ಲಿ ಪ್ರೂಫು ತಿದ್ದುತ್ತಿದ್ದ. ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರೂ ಒಂದಿತ್ತು. ಅದು ಈಗ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕಿದ್ದು ಬಿಟ್ಟರೆ ಸ್ವಂತಕ್ಕೆ ಒಂದು ಕಾಗದವನ್ನೂ ಬರೆದವನಲ್ಲ. ಬರೆಯೋಣವೆಂದರೆ ಆ ಕಾಗದ ಓದುವವರು ಯಾರೂ ಇರಲಿಲ್ಲ.

ಕಾದಂಬರಿಯ ಹೆಸರು 'ಇಪ್ಪತ್ತೇಳು ಕೋಣೆಗಳು'. ಅಷ್ಟು ದೊಡ್ಡ ಮಹಲಿನಲ್ಲಿ ಒಬ್ಬನೇ ಮನುಷ್ಯ. ಯಾರೂ ಇಲ್ಲದ ಕೋಣೆಯಲ್ಲಿ ದೀಪ ಉರಿಯುತ್ತಿರುತ್ತದೆ. ಊಟದ ಮೇಜಿನ ಮೇಲೆ ಎರಡನೆಯ ಲೋಟವೊಂದು ಬೆಚ್ಚಗಿರುತ್ತದೆ. ಪ್ರತಿ ಅಧ್ಯಾಯದ ಕೊನೆಗೆ ಮುಚ್ಚಿದ ಬಾಗಿಲನ್ನು ಯಾರೋ ಮೂರು ಸಲ ಬಡಿಯುತ್ತಾರೆ. ಇಂಥದ್ದನ್ನು ಬರೆದವನ ಬದುಕು ಹೇಗಿದ್ದೀತು ಎಂದು ಪ್ರೂಫಯ್ಯ ಎರಡು ಭಾನುವಾರ ಪೆನ್ನು ಕಚ್ಚಿಕೊಂಡು ಕೂತ. ಅವನಿಗೆ ಒಳಗಿನಿಂದ ಗೊತ್ತಿದ್ದ ಬದುಕು ಒಂದೇ. ಅದನ್ನೇ ತೆಗೆದು ಲೇಖಕರ ಹೆಸರಿಗೆ ಹಚ್ಚಿಬಿಟ್ಟ.

ಸಂಜೆ ಮನೆಗೆ ಬಂದಾಗ ಒಳಗೆ ಯಾರೋ ಎಚ್ಚರವಾಗಿದ್ದಾರೆ ಅನ್ನಿಸಲಿ ಎಂದು ಲೇಖಕರು ಬೆಳಿಗ್ಗೆಯೇ ದೀಪ ಹಚ್ಚಿಟ್ಟು ಹೋಗುತ್ತಿದ್ದರು ಎಂದು ಬರೆದ. ಚಹಾ ಮಾಡಿದರೆ ಎರಡು ಲೋಟ ಇಡುತ್ತಿದ್ದರು, ಸ್ವಂತ ಮನೆಯ ಬಾಗಿಲನ್ನೂ ಮೂರು ಸಲ ಬಡಿದೇ ಒಳಗೆ ಹೋಗುತ್ತಿದ್ದರು ಎಂದೂ ಬರೆದ. ಕಾಲದ ಬಗ್ಗೆ ಒಂದೂವರೆ ಪುಟ ಜ್ವರ, ಸೀಮೆಎಣ್ಣೆ ದೀಪ, ಸಾವಿನ ಭಯ ಎಲ್ಲ ಸೇರಿಸಿದ. ಎಂಟು ಪುಟ ಭರ್ತಿಯಾಯಿತು. ಬರೆದು ಮುಗಿಸಿದ ಮೇಲೆ, ಎಷ್ಟೋ ವರ್ಷಗಳ ನಂತರ ಯಾರ ಹತ್ತಿರವೋ ಕೂತು ಮಾತಾಡಿ ಎದ್ದಂತೆ ಹಗುರವಾಗಿತ್ತು.

ಪುಸ್ತಕ ಬಿಡುಗಡೆಯ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮೆಟ್ಟಿಲಿಳಿದರೆ, ಕೆಳಮನೆಯ ಟೈಲರ್ ಹೊಲಿಗೆ ಯಂತ್ರ ನಿಲ್ಲಿಸಿ ಅಡ್ಡ ಬಂದ. ಬೀದಿಯವರ ಅಂಗಿಯ ಅಳತೆಯ ಜೊತೆಗೆ ಅವರ ಬದುಕಿನ ಅಳತೆಯೂ ತನ್ನ ಹತ್ತಿರ ಇರಬೇಕು ಅನ್ನುವ ಮನುಷ್ಯ.

"ಹೆಣ್ಣು ನೋಡೋಕಾ?"

"ಪುಸ್ತಕ ಬಿಡುಗಡೆ. ಸಂಜೆ ಐದಕ್ಕೆ, ಲೈಬ್ರರಿ ಹಾಲಲ್ಲಿ."

"ತಿಂಡಿ ಇರುತ್ತಾ? ಹಾಗಾದ್ರೆ ಬರ್ತೀನಿ. ಅಂದ ಹಾಗೆ, ನಿಮ್ಮ ಕೋಣೆ ಲೈಟು ಉರೀತಾ ಇದೆ. ದಿನಾ ಮರೀತೀರಿ."

"ಹೌದು, ಮರೆತೆ," ಎಂದು ಪ್ರೂಫಯ್ಯ ಹಿಂದಿರುಗಿ ನೋಡದೆ ಹೊರಟುಹೋದ.

ಪ್ರೆಸ್ಸಿನಲ್ಲಿ ಯಜಮಾನರು ಬಾಗಿಲಲ್ಲೇ ಸಿಕ್ಕಿದರು. ಮುಖ ಅರಳಿತ್ತು.

"ನಮ್ಮ ಅದೃಷ್ಟ ನೋಡ್ರಿ. ಲೇಖಕರ ಮೊಮ್ಮಗಳು ಫೋನ್ ಮಾಡಿದ್ರು. ಪೇಪರಲ್ಲಿ ನೋಡಿದ್ರಂತೆ. ಮಧ್ಯಾಹ್ನವೇ ಬರ್ತಾರೆ, ವೇದಿಕೆ ಮೇಲೆ ಮಾತೂ ಆಡ್ತಾರೆ. ತಾತನನ್ನ ಕಣ್ಣಾರೆ ಕಂಡೋರು."

ಪ್ರೂಫಯ್ಯ ಚಪ್ಪಲಿ ಬಿಡುವುದನ್ನು ಅರ್ಧಕ್ಕೇ ನಿಲ್ಲಿಸಿದ. "ಸಾರ್, ಹಿನ್ನುಡೀಲಿ..."

"ಅದರಲ್ಲೇನಾದ್ರೂ ಒಂದಕ್ಷರ ಹೆಚ್ಚುಕಡಿಮೆ ಆಗಿದ್ರೆ ನಾಳೆಯಿಂದ ನೀವು ಬರೋದು ಬೇಡ," ಎಂದರು ಯಜಮಾನರು, ನಗುತ್ತಲೇ. ಯಾರು ಎದ್ದು ಬಂದು ಕೇಳುತ್ತಾರೆ ಎಂದ ಬಾಯಿಯೇ ಅದು. "ಅವರನ್ನ ಸಂಜೆವರೆಗೂ ನೀವೇ ನೋಡ್ಕೊಳ್ಳಿ. ಅವರ ತಾತನ ಬದುಕು ನಿಮಗಿಂತ ಚೆನ್ನಾಗಿ ಇಲ್ಲಿ ಯಾರಿಗೆ ಗೊತ್ತು?"

ಕೆಲಸ ಹೋದರೆ ಸಂಬಳ ಹೋಗುತ್ತದೆ, ಅದು ಬೇರೆ. ಆದರೆ ದಿನದಲ್ಲಿ ಯಾರಾದರೂ ಅವನನ್ನು ಮಾತಾಡಿಸುತ್ತಿದ್ದದ್ದು ಆ ಪ್ರೆಸ್ಸಿನಲ್ಲಿ ಮಾತ್ರ. 'ಪ್ರೂಫಯ್ಯ, ಇಲ್ಲಿ ಕೊಂಬು ಬಿಟ್ಟೋಗಿದೆ' ಎನ್ನುವುದಕ್ಕಾದರೂ ಕರೆಯುತ್ತಿದ್ದರು. ನಾಳೆಯಿಂದ ಅದೂ ಇಲ್ಲವೆಂದರೆ ಉಳಿಯುವುದು ಕೋಣೆಯ ನಾಲ್ಕು ಗೋಡೆ. ಅವನಿಗೆ ನಿಜವಾಗಿ ಭಯವಾಯಿತು.

ಮೊಮ್ಮಗಳು ಎಂದರೆ ಎಪ್ಪತ್ತು ದಾಟಿದ ಹೆಂಗಸು. ಕೈಯಲ್ಲಿ ದೊಡ್ಡ ಚೀಲ, ಕಣ್ಣಿಗೆ ದಪ್ಪ ಕನ್ನಡಕ. ಕುರ್ಚಿಯಲ್ಲಿ ಕೂರುವ ಮೊದಲೇ ಪುಸ್ತಕ ಕೇಳಿದರು. ಪ್ರೂಫಯ್ಯ ಇನ್ನೂ ಬೈಂಡಿಂಗ್‌ನಲ್ಲಿದೆ ಎಂದ. ಅದೇ ಗಳಿಗೆಗೆ, ಪ್ರೆಸ್ಸಿನಲ್ಲಿ ರಟ್ಟು ಕಟ್ಟುವ ಬೈಂಡಿಂಗ್ ಅಕ್ಕ ನಲವತ್ತು ಪ್ರತಿಗಳ ಕಟ್ಟು ಹೊತ್ತು ತಂದು ಅವನ ಮೇಜಿನ ಮೇಲೆ ಧೊಪ್ಪೆಂದು ಹಾಕಿದರು.

"ಅಂಟು ಒಣಗಿಲ್ಲಮ್ಮ, ಈಗ ತೆರೆದ್ರೆ ಹಾಳೆ ಕಿತ್ತು ಬರುತ್ತೆ," ಎಂದು ಪ್ರೂಫಯ್ಯ ಕಟ್ಟಿನ ಮೇಲೆ ಕೈಯಿಟ್ಟ.

"ನಿನ್ನೆಯೇ ಒಣಗಿದೆ," ಎಂದರು ಬೈಂಡಿಂಗ್ ಅಕ್ಕ. ತಮ್ಮ ಅಂಟಿನ ಮೇಲೆ ಬಂದ ಆರೋಪವನ್ನು ಅವರು ಸಹಿಸುವವರಲ್ಲ. ಒಂದು ಪ್ರತಿಯನ್ನು ಎಳೆದು, ಎರಡೂ ರಟ್ಟು ಹಿಡಿದು ಜಾಡಿಸಿ ತೋರಿಸಿ, ಮೊಮ್ಮಗಳ ಕೈಗೇ ಕೊಟ್ಟು ಹೋದರು.

ಪ್ರೂಫಯ್ಯನಿಗೆ ಉಳಿದದ್ದು ಒಂದೇ ದಾರಿ. ಅವರು ಓದದಂತೆ ಮಾತಿಗೆಳೆಯುವುದು. "ನಿಮ್ಮ ತಾತ ಬಹಳ ಒಂಟಿಯಾಗಿದ್ರು ಅಲ್ವಾ?" ಎಂದ, ದೇವರೇ ಹೌದು ಅನ್ನಿಸಪ್ಪ ಎಂದುಕೊಳ್ಳುತ್ತ.

ಮೊಮ್ಮಗಳು ಕನ್ನಡಕ ತೆಗೆದು ನಗತೊಡಗಿದರು. ಒಂದು ನಿಮಿಷ ನಕ್ಕರು.

"ಹನ್ನೊಂದು ಮಕ್ಕಳು ಸ್ವಾಮಿ. ನಮ್ಮಪ್ಪ ಒಂಬತ್ತನೆಯೋರು. ಎರಡು ಕೋಣೆ ಮನೆ. ಅದರಲ್ಲೇ ಅಜ್ಜಿಯ ಇಬ್ಬರು ತಂಗಿಯರು, ತಾತನ ಸೋದರಮಾವ, ಆ ಮಾವನ ಗಿಳಿ. ಮಿಲ್ಲು ಶುರುವಾದ ಕಾಲ ಅದು. ಊರಿಗೆ ಊರೇ ಬಂದು ತುಂಬಿಕೊಂಡಿತ್ತು. ನಾಲ್ಕು ಸಂಸಾರಕ್ಕೆ ಒಂದೇ ಬಚ್ಚಲು."

"ಮತ್ತೆ ಬರೀತಿದ್ದದ್ದು?"

"ಆ ಬಚ್ಚಲಲ್ಲೇ. ಚಿಲಕ ಹಾಕ್ಕೊಂಡು, ಬಕೆಟ್ ಮಗುಚಿ, ಅದರ ಮೇಲೆ ಕೂತು. ನಾಲ್ಕು ಪುಟ ಆಗೋ ಹೊತ್ತಿಗೆ ಯಾರಿಗಾದ್ರೂ ಅವಸರ ಆಗಿ ಬಾಗಿಲು ಬಡಿಯೋರು. ಅಲ್ಲಿಗೆ ಅಧ್ಯಾಯ ಮುಗೀತು."

ಮೂರು ಸಲ ಬಡಿಯುವ ಆ ಸದ್ದಿಗೆ ಪ್ರೂಫಯ್ಯ ಹಿನ್ನುಡಿಯಲ್ಲಿ ಒಂದು ಇಡೀ ಪುಟ ಕೊಟ್ಟಿದ್ದ. "ಹಾಗಾದ್ರೆ ಆ ಇಪ್ಪತ್ತೇಳು ಕೋಣೆ?" ಎಂದ.

"ಆಸೆ. ಅಷ್ಟು ಕೋಣೆ, ಒಬ್ಬನೇ ಮನುಷ್ಯ, ಮಾತಾಡಿಸೋರು ಯಾರೂ ಇಲ್ಲ. ತಾತ ಅದನ್ನ ಹೆದರಿಸೋಕೆ ಬರೆದದ್ದಲ್ಲ, ಬಾಯಲ್ಲಿ ನೀರೂರಿಸಿಕೊಂಡು ಬರೆದದ್ದು. ಓದಿದೋರು ಹೆದರಿಕೊಂಡ್ರು ಅಂತ ಅವರಿಗೆ ಕೊನೇವರೆಗೂ ಆಶ್ಚರ್ಯ."

ಪ್ರೂಫಯ್ಯನ ಹತ್ತಿರ ಬೇಕಾದಷ್ಟು ಇದ್ದದ್ದನ್ನು ಒಬ್ಬ ಮನುಷ್ಯ ಬಕೆಟ್ಟಿನ ಮೇಲೆ ಕೂತು ಬಯಸಿದ್ದ. ಅವನೋ, ಆ ಬಾಗಿಲನ್ನು ಬಡಿಯುವವರಿಗಾಗಿ ಇಷ್ಟು ವರ್ಷ ಕಾದಿದ್ದ. ಇಬ್ಬರೂ ಒಂದೇ ಕಾಲದಲ್ಲಿದ್ದಿದ್ದರೆ ಮನೆ ಬದಲಾಯಿಸಿಕೊಳ್ಳಬಹುದಿತ್ತು ಅನ್ನಿಸಿತು.

ಅಷ್ಟರಲ್ಲಿ ಮೊಮ್ಮಗಳು ಕೊನೆಯ ಪುಟಗಳನ್ನು ತೆರೆದಿದ್ದರು. ಓದುತ್ತ ಹೋದಂತೆ ಅವರ ಹುಬ್ಬು ಮೇಲೇರಿತು. "ಇದು ಯಾರ ತಾತನ ಕತೆ?" ಎಂದರು.

ಪ್ರೂಫಯ್ಯ ಒಪ್ಪಿಕೊಂಡ. ಖಾಲಿ ಪುಟಗಳ ವಿಷಯ, ಯಜಮಾನರ ಮಾತು, ಎಲ್ಲ ಹೇಳಿದ. ಆ ದೀಪ, ಆ ಲೋಟ ಯಾರದೆಂಬುದನ್ನು ಮಾತ್ರ ಹೇಳಲಾಗಲಿಲ್ಲ, ನಾಚಿಕೆಯಾಯಿತು.

"ನಿಮ್ಮ ಕೆಲಸದ ಮೇಲೆ ನನಗೆ ಕಣ್ಣಿಲ್ಲ," ಎಂದರು ಮೊಮ್ಮಗಳು. "ಆದ್ರೆ ಹನ್ನೊಂದು ಮಕ್ಕಳ ತಂದೆನ ಅನಾಥ ಮಾಡಿಟ್ಟಿದ್ದೀರಿ. ವೇದಿಕೆ ಮೇಲೆ ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ಬಕೆಟ್ಟೂ ಹೇಳ್ತೀನಿ."

ಸಂಜೆ ಲೈಬ್ರರಿ ಹಾಲ್ ತುಂಬಿತ್ತು. ಪ್ರೂಫಯ್ಯ ಓಡಿಹೋಗಲು ಅನುಕೂಲವಾಗಲೆಂದು ಬಾಗಿಲ ಪಕ್ಕದಲ್ಲೇ ನಿಂತ. ಮೊದಲು ಮಾತಿಗೆ ಎದ್ದವರು ನಿವೃತ್ತ ಪ್ರೊಫೆಸರು. ಅವರು ಕಾದಂಬರಿ ಓದಿರಲಿಲ್ಲ, ಪುರುಸೊತ್ತಾಗಿರಲಿಲ್ಲ. ಹಿನ್ನುಡಿ ಎಂಟೇ ಪುಟವಾದ್ದರಿಂದ ಅದನ್ನು ಓದಿದ್ದರು; ಅದನ್ನೇ ಕಂಚಿನ ಕಂಠದಲ್ಲಿ ಸಭೆಗೂ ಓದಿದರು.

ದೀಪದ ಮಾತು ಬಂದಾಗ ಕೆಲವರು ಕರವಸ್ತ್ರ ತೆಗೆದರು. ಎರಡು ಲೋಟದ ಮಾತಿಗೆ ಮುಂದಿನ ಸಾಲಿನಲ್ಲಿ ಮೂಗು ಸೀಟುವುದು ಕೇಳಿಸಿತು. ಬೈಂಡಿಂಗ್ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು. ಯಜಮಾನರೂ ಕನ್ನಡಕ ತೆಗೆದರು. ತನಗಾಗಿ ಯಾರಾದರೂ ಅತ್ತದ್ದನ್ನು ಪ್ರೂಫಯ್ಯ ಬದುಕಿನಲ್ಲಿ ಕಂಡಿರಲಿಲ್ಲ. ಈಗ ಇನ್ನೂರು ಜನ ಅಳುತ್ತಿದ್ದರು. ಓಡಿಹೋಗುವುದು ಮರೆತೇಹೋಯಿತು.

"ಇಂಥವರೊಬ್ಬರು ಇವತ್ತು ನಮ್ಮ ಬೀದೀಲಿ ಇದ್ದಿದ್ರೆ," ಎಂದರು ಪ್ರೊಫೆಸರು, "ನಾವು ಅವರನ್ನ ಹೀಗೆ ಒಂಟಿಯಾಗಿ ಬಿಡ್ತಿದ್ವಾ?"

"ಬಿಡ್ತಿರಲಿಲ್ಲ," ಎಂದಿತು ಸಭೆ. ಎಲ್ಲರಿಗಿಂತ ದೊಡ್ಡ ದನಿ ಕೊನೆಯ ಸಾಲಿನಲ್ಲಿದ್ದ ಟೈಲರನದು. ಅವನು ಕಣ್ಣೊರೆಸಿಕೊಂಡು ಪಕ್ಕಕ್ಕೆ ತಿರುಗಿ, "ಸ್ವಲ್ಪ ಸರೀರಿ ಪ್ರೂಫಯ್ಯ, ವೇದಿಕೆ ಕಾಣಿಸ್ತಿಲ್ಲ," ಎಂದ.

ಪ್ರೂಫಯ್ಯ ಸರಿದು ನಿಂತ. ಒಂದು ವಿಚಾರ ತಲೆಗೆ ಹೊಕ್ಕಿತ್ತು. ಮೊಮ್ಮಗಳು ನಿಜ ಹೇಳಲಿ. ಹಾಗಾದರೆ ಆ ಲೋಟ ಯಾರದು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ನನ್ನದು ಎಂದು ಕೈಯೆತ್ತಿದರಾಯಿತು. ಕೆಲಸ ಹೋದರೆ ಹೋಗಲಿ; ಮೈಕಿನ ಮುಂದೆ ಇನ್ನೂರು ಜನ ಒಪ್ಪಿಕೊಂಡಾಗಿದೆ, ಒಂಟಿಯಾಗಿ ಬಿಡುವುದಿಲ್ಲವಂತೆ.

ಮೊಮ್ಮಗಳು ಮೈಕಿನ ಮುಂದೆ ಬಂದರು. ಮುಂದಿನ ಸಾಲಿನ ಹೆಂಗಸೊಬ್ಬರು ವೇದಿಕೆ ಹತ್ತಿ ಅವರ ಎರಡೂ ಕೈ ಹಿಡಿದು ಬಿಕ್ಕಿದರು. ಯಾರೋ ಫೋಟೊ ತೆಗೆದರು. ಸಭೆಯೆಲ್ಲ ಎದ್ದು ನಿಂತಿತು. ಮೊಮ್ಮಗಳು ಆ ಒದ್ದೆ ಮುಖಗಳನ್ನು ಒಂದೊಂದಾಗಿ ನೋಡಿದರು. ಅಷ್ಟು ಮಂದಿಯ ಎದುರಿಗೆ ಬಕೆಟ್ಟಿನ ಮಾತೆತ್ತುವುದಕ್ಕೆ ಗಟ್ಟಿ ಗುಂಡಿಗೆ ಬೇಕು.

"ತಾತ," ಎಂದರು ಸಣ್ಣ ದನಿಯಲ್ಲಿ, "ತುಂಬಾ ಒಂಟಿ ಜೀವ."

ಪ್ರೂಫಯ್ಯ ಕೈಯನ್ನು ಅರ್ಧ ಎತ್ತಿದ್ದ.

"ಆ ಎರಡನೇ ಲೋಟ ದಿನಾ ತೊಳೀತಿದ್ದದ್ದು ನಾನೇ," ಎಂದರು ಮೊಮ್ಮಗಳು, ಮತ್ತು ನಿಜವಾಗಿ ಅತ್ತುಬಿಟ್ಟರು. ಚಪ್ಪಾಳೆ ಎರಡು ನಿಮಿಷ ನಡೆಯಿತು.

ಸಭೆ ಮುಗಿದ ಮೇಲೆ ಯಜಮಾನರು ಪ್ರೂಫಯ್ಯನ ಬೆನ್ನು ತಟ್ಟಿದರು. "ತಾತನ ಒಂಟಿತನದ ಮೇಲೆ ಮೊಮ್ಮಗಳೇ ಒಂದು ದಪ್ಪ ಪುಸ್ತಕ ಬರೆದುಕೊಡ್ತಾರಂತೆ. ಪ್ರೂಫು ನೀವೇ ನೋಡಿ. ಆದ್ರೆ ಸ್ವಂತದ್ದು ಏನೂ ಸೇರಿಸೋಕೆ ಹೋಗಬೇಡಿ. ಕಂಡೋರು ಬರೆಯೋದು ಬೇರೆ, ಕಟ್ಟಿ ಬರೆಯೋದು ಬೇರೆ." ಮೊಮ್ಮಗಳ ಸುತ್ತ ಜನ ಮುತ್ತಿಕೊಂಡಿದ್ದರು. ಆಕೆ ಪ್ರೂಫಯ್ಯನ ಕಡೆ ನೋಡಲಿಲ್ಲ. ಕೆಲಸ ಉಳಿಯಿತು.

ತಟ್ಟೆಗಳೆಲ್ಲ ಖಾಲಿಯಾದ ಮೇಲೆ ಅವನು ನಡೆದು ಬೀದಿಯ ತಿರುವಿಗೆ ಬಂದ. ದಿನಾ ಅಲ್ಲಿಂದಲೇ ಅವನ ಕಿಟಕಿ ಹಳದಿಯಾಗಿ ಕಾಣುತ್ತಿತ್ತು. ಇವತ್ತು ಕತ್ತಲಿತ್ತು.

ಟೈಲರ್ ಮೆಟ್ಟಿಲ ಬುಡದಲ್ಲಿ ಕಾಯುತ್ತಿದ್ದ. "ಮೆಟ್ಟಿಲ ಕೆಳಗಿನ ಕರೆಂಟ್ ಬೋರ್ಡಲ್ಲಿ ನಿಮ್ಮ ಲೈಟು ನಾನೇ ಆರಿಸ್ದೆ," ಎಂದ. "ಬೇಜಾರು ಮಾಡ್ಕೋಬೇಡಿ, ನಿಮ್ಮ ಒಳ್ಳೇದಕ್ಕೇ ಹೇಳ್ತೀನಿ. ಹಗಲೂ ದೀಪ, ಎರಡೆರಡು ಲೋಟ, ಸ್ವಂತ ಬಾಗಿಲು ಬಡಿಯೋದು. ಎಲ್ಲ ನೋಡ್ತಿದ್ದೆ, ಯಾಕೆ ಅಂತ ಇವತ್ತು ಗೊತ್ತಾಯ್ತು. ಪ್ರೂಫು ನೋಡೋವಾಗ ಓದಿ ಓದಿ ಅವರನ್ನೇ ನಕಲು ಮಾಡ್ತಿದ್ದೀರಿ. ಅವರೆಲ್ಲಿ, ನಾವೆಲ್ಲಿ. ಅಂಥ ದೊಡ್ಡೋರ ದುಃಖನ ನಾವು ಹಾಕ್ಕೊಂಡ್ರೆ ಅಳತೆ ಸರಿಹೋಗಲ್ಲ."

"ಸರಿ," ಎಂದ ಪ್ರೂಫಯ್ಯ.

ಮೇಲೆ ಹೋಗಿ ಬಾಗಿಲು ಬಡಿಯಲು ಕೈಯೆತ್ತಿದ. ಕೆಳಗೆ ಟೈಲರ್ ಕತ್ತೆತ್ತಿ ನೋಡುತ್ತಿದ್ದ. ಕೈ ಇಳಿಸಿ, ಬೀಗ ತೆಗೆದು, ಬಡಿಯದೆ ಒಳಗೆ ಹೋದ. ದೀಪ ಹಾಕಿದರೆ ಹತ್ತಲಿಲ್ಲ. ಕೆಳಗಿನ ಬೋರ್ಡಿಗೆ ಮತ್ತೆ ಇಳಿಯುವಷ್ಟು ಮನಸ್ಸಿರಲಿಲ್ಲ. ಕತ್ತಲಲ್ಲೇ ತಡಕಿದಾಗ ಮೇಜಿನ ಮೇಲೆ ಬೆಳಗಿನ ಎರಡು ಲೋಟ ಕೈಗೆ ಸಿಕ್ಕವು. ಒಂದೇ ಪದ ಎರಡು ಸಲ ಬಂದರೆ ಒಂದನ್ನು ಹೊಡೆದುಹಾಕುವುದು ಅವನ ಇಪ್ಪತ್ತಾರು ವರ್ಷದ ಕಸುಬು. ಒಂದು ಲೋಟವನ್ನು ಎತ್ತಿ ಕಪಾಟಿನೊಳಗೆ ಇಟ್ಟ.