ನಲವತ್ತನೇ ಪುಟಕ್ಕೆ ಹೂವಿನ ಅಪ್ಪಣೆ

ನಮ್ಮ ಮಾವನವರಿಗೆ ದಿನಾ ಬೆಳಿಗ್ಗೆ ‘ನಂಬಬೇಡ’ ಎಂದು ಅಪ್ಪಣೆ ಕೊಡುತ್ತಿದ್ದವನು ಸಾಕ್ಷಾತ್ ವೀರಭದ್ರ ಎಂದರೆ ನೀವು ನಂಬುತ್ತೀರಾ? ನಾನು ಎರಡು ತಿಂಗಳು ನಂಬಿದ್ದೆ.

ಹೊನ್ನಾಳಿ ಸಂತೆಯ ಹಳೇ ಪುಸ್ತಕದ ರಾಶಿಯಿಂದ ಮಾವ ಒಂದು ಪುರಾಣ ತಂದರು. ಮುಖಪುಟದಲ್ಲಿ ಗೋಪುರವಂತೆ. ನೋಡಿದರೆ ರಾಕೆಟ್! ಕಣ್ಣಿನ ಪೊರೆ ಅಷ್ಟು ಬೆಳೆದಿತ್ತು. ಭೂತಗನ್ನಡಿ ಹಿಡಿದು ಓದತೊಡಗಿದರೆ ಒಳಗಿದ್ದದ್ದು ವಿಜ್ಞಾನದ ವಿಚಿತ್ರ ಕಾದಂಬರಿ. ಆಕಾಶದಲ್ಲೊಂದು ಹಡಗು, ಅದರಲ್ಲಿ ಎಲ್ಲರ ಹಣೆಬರಹ ಬಲ್ಲ ಯಂತ್ರ. ಹದಿನೆಂಟನೇ ಪುಟದಲ್ಲಿ ಅದು ನಾಯಕನಿಗೆ ಏನೋ ಸುದ್ದಿ ಹೇಳುತ್ತದೆ. ಕೆಳಗೆ ಓದುಗರಿಗೆ ಸೂಚನೆ: ‘ನಂಬುವವರು ಎಪ್ಪತ್ತೆರಡನೇ ಪುಟಕ್ಕೆ ಹೋಗಿ, ನಂಬದವರು ನಲವತ್ತಕ್ಕೆ. ನಿಮ್ಮ ಇಷ್ಟ.’

ನಮ್ಮ ಮನೆಯಲ್ಲಿ ಇಷ್ಟ ಎಂಬುದೆಲ್ಲ ವೀರಭದ್ರನದು. ಮಾವ ಸ್ನಾನ ಮಾಡಿ, ದೇವರ ಎಡಬಲಕ್ಕೆ ಒಂದೊಂದು ಒದ್ದೆ ಹೂ ಅಂಟಿಸಿ ಕೂರುವರು. ಬಲದ್ದು ಮೊದಲು ಬಿದ್ದರೆ ನಂಬು, ಎಡದ್ದು ಬಿದ್ದರೆ ಬೇಡ. ದಿನಾ ಬೀಳುತ್ತಿದ್ದದ್ದು ಎಡದ್ದೇ! ನಲವತ್ತನೇ ಪುಟದ ಕೊನೆಗೆ ‘ಮತ್ತೆ ಹದಿನೆಂಟಕ್ಕೆ ಹೋಗಿ’ ಎಂದಿತ್ತು. ಹೀಗಾಗಿ ಕಾದಂಬರಿ ಹೊನ್ನಾಳಿ–ನ್ಯಾಮತಿ ಬಸ್ಸಿನಂತೆ ಎರಡು ಪುಟಗಳ ನಡುವೆ ಓಡಾಡುತ್ತಲೇ ಇತ್ತು.

ಡಾಕ್ಟರು ಬೈದರು: ಇನ್ನೂ ತಡ ಮಾಡಿದರೆ ಕಣ್ಣೇ ಹೋದೀತು.

“ಪುಸ್ತಕ ಮುಗೀಲಿ, ಆಪರೇಷನ್ ಮಾಡಿಸ್ಕೊಂತೀನಿ.”

“ಮುಗಿಯಾಕೆ ಎಪ್ಪತ್ತೆರಡಕ್ಕೆ ಹೋಗ್ಬೇಕಲ್ರಿ ಮಾವಾರೆ.”

“ಹೋಗಾಕೆ ಅಪ್ಪಣೆ ಆಗ್ಬೇಕಲ್ಲವ್ವ. ಇದ್ರಾಗೆ ನಂದೇನೈತೆ?”

ಒಂದು ದಿನ ದೇವರ ಜಗುಲಿ ತೊಳೆಯುವಾಗ, ಬೀಳದೆ ಉಳಿದಿದ್ದ ಬಲದ ಹೂ ತೆಗೆಯಲು ಹೋದೆ. ಬರಲೇ ಇಲ್ಲ. ಹಿಂದೆ ತೇದ ಗಂಧ, ಗೋಡೆಗೆ ಸಿಮೆಂಟ್ ಮೆತ್ತಿದ ಹಾಗೆ! ದೇವರ ಹತ್ತಿರವೂ ಮೋಸವೇ ಎಂದು ಸಿಟ್ಟಿನಿಂದ ಪುಸ್ತಕ ತೆಗೆದೆ. ಹದಿನೆಂಟನೇ ಪುಟದಲ್ಲಿ ಯಂತ್ರ ಹೇಳುವ ಸುದ್ದಿ, ‘ನಿನ್ನ ಹೆಂಡತಿ ತೀರಿಕೊಂಡಳು.’ ನಲವತ್ತಕ್ಕೆ ಹೋದೆ. ಅಲ್ಲಿ ಆಕೆ ಬಾಗಿಲು ತೆರೆದು, ‘ಎಷ್ಟು ಹೊತ್ತು ಮಾಡಿದಿರಿ, ಕೈಕಾಲು ತೊಳೆದು ಬನ್ನಿ’ ಎನ್ನುತ್ತಾಳೆ.

ನಮ್ಮ ಅತ್ತೆ ಹೋಗಿ ಆಗ ವರ್ಷವೂ ಆಗಿರಲಿಲ್ಲ.

ಗಂಧದ ಮಾತು ನಾನು ಎತ್ತಲಿಲ್ಲ. “ಕಣ್ಣಿಗೆ ಪಟ್ಟಿ ಇರೋ ತನ್ಕ ನಾನೇ ಓದಿ ಹೇಳ್ತೀನಿ, ನಡೀರಿ ಮಾವಾರೆ,” ಎಂದೆ. ಪುಸ್ತಕ ನನ್ನ ಕೈಗಿಟ್ಟು ಎದ್ದರು. ಆಪರೇಷನ್ ಸುಸೂತ್ರವಾಯಿತು, ಡಾಕ್ಟರು ನಗುನಗುತ್ತಾ ಕಳಿಸಿದರು, ಬರುವಾಗ ಬಸ್ಸಿನಲ್ಲಿ ಕಿಟಕಿ ಸೀಟೂ ಸಿಕ್ಕಿತು. ದೇವರು ದೊಡ್ಡವನು.

ಮರುದಿನ ಬೆಳಿಗ್ಗೆ ಮಾವ ಜಗುಲಿಯ ಮುಂದೆ ಕೂತರು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದಕ್ಕೆ ಮೊದಲೇ ಮಂಜು. ನಾನು ಗಂಧ ಮುಟ್ಟದೆ, ಎರಡೂ ಹೂ ನೀರಲ್ಲಿ ಅದ್ದಿ ಅಂಟಿಸಿದೆ. ಬಲದ ಹೂ ಥಟ್ಟನೆ ಬಿತ್ತು.

“ಯಾವ ಕಡೆ ಬಿತ್ತವ್ವಾ?”

ಮದುವೆಯಾಗಿ ಬಂದಾಗಿನಿಂದ ಆ ಜಗುಲಿಯ ಮುಂದೆ ನಾನು ಸುಳ್ಳು ಹೇಳಿದವಳಲ್ಲ.

“ಎಡಕ್ಕೇ ಬಿತ್ರಿ ಮಾವಾರೆ,” ಎಂದು ನಲವತ್ತನೇ ಪುಟ ತೆಗೆದೆ.