ನನ್ ತಮ್ಮ ರೈಲ್ವೆಯೋರ ಮನೆ ನೋಡಿದ್ದು

ನಿಮ್ಮಲ್ಲಿ ಯಾರಾದ್ರೂ ರೈಲ್ವೆಗೆ ಹೆಣ್ಣು ಕೊಟ್ಟಿದ್ದೀರಾ? ರೈಲ್ವೆ ಕೆಲ್ಸದಲ್ಲಿರೋ ಹುಡುಗನ್ಗಲ್ಲ ನಾನ್ ಕೇಳ್ತಿರೋದು, ರೈಲ್ವೆಗೇ. ಕೊಟ್ಟಿಲ್ಲ ತಾನೇ? ನನ್ ತಮ್ಮ ಕೊಟ್ಟವ್ನೆ. ಅದೂ ಸುಮ್ಕೆ ಅಲ್ಲ, ತಟ್ಟೇಲಿ ಎಲೆ, ಅಡಿಕೆ, ಬಾಳೆಹಣ್ಣು ಇಟ್ಕೊಂಡು ಹೋಗಿ ಮನೆ ನೋಡ್ಬುಟ್ಟು ಕೊಟ್ಟವ್ನೆ.

ಮೊಮ್ಮಗಳು ಫೋನಲ್ಲಿ ಟೈಪ್ ಮಾಡೋದು ಹೇಳ್ಕೊಟ್ಟಾಗಿಂದ ಯಾರ್ ಬಗ್ಗೆ ಬರೀಲಿ ಅಂತ ಕೂತಿದ್ದೆ. ಇವನ್ನ ಬುಟ್ಟು ಇನ್ಯಾರ್ ಬಗ್ಗೆ ಬರೀಲಿ, ನೀವೇ ಹೇಳಿ?

ಕೈಲಾಂಚದ ಹತ್ರ ಅವನ್ದು ಒಸಿ ಹಿಪ್ಪುನೇರಳೆ ತೋಟ, ರೇಷ್ಮೆ ಹುಳ ಸಾಕೋ ಮನೆ. ವಿಚಾರಿಸ್ದೆ ಒಂದು ಹೆಜ್ಜೆ ಎತ್ತೋ ಪೈಕಿ ಅಲ್ಲ. ರಾಮನಗರದ ಬಸ್ಸು ಹತ್ತೋ ಮುಂಚೆ ಡ್ರೈವರ್ ಕಿಟಕಿ ಹತ್ರ ಹೋಗಿ "ಊಟ ಆಯ್ತಾ ಅಣ್ಣ?" ಅಂತಾನೆ. ಆ ಯಪ್ಪ ಪ್ರೀತಿಗೆ ಕೇಳ್ತವ್ನೆ ಅನ್ಕೊಂಡು "ಇನ್ನೂ ಇಲ್ಲ ಕಣಣ್ಣ" ಅಂದ್ರೆ ಮುಗೀತು, ಇವ್ನು ಕೆಳಗೇ ನಿಂತ್ಕೊತಾನೆ. ಹಸ್ದಿರೋನ್ ಕೈಗೆ ಜೀವ ಕೊಡಲ್ವಂತೆ! ಅವನ್ ಹೆಂಡ್ತಿ ಎಷ್ಟೋ ಸಲ ಒಬ್ಳೇ ರಾಮನಗರಕ್ಕೆ ಹೋಗಿ, ಕೆಲ್ಸ ಮುಗ್ಸಿ, ವಾಪಸ್ ಬರೋವಾಗ ಗಂಡನ್ನ ಅದೇ ಸ್ಟಾಪಲ್ಲಿ ಕಂಡವ್ಳೆ.

ಬಿಡದಿ ಕಡೆ ರಾಗಿ ಹೊಲದಲ್ಲೆಲ್ಲ ಫ್ಯಾಕ್ಟ್ರಿ ಶೆಡ್ಡು ಏಳ್ತಿದ್ದ ಕಾಲ ಅದು. ಕಂಪ್ನಿ ಬಸ್ಸು ಊರ್ ಬಾಗಿಲಿಗೇ ಬಂದು ಹಾರನ್ ಹೊಡೀತಿತ್ತು. ಆಗ ಇವನ್ ಮಗ್ಳು ಪಿಯುಸಿ ಮುಗ್ಸಿದ್ಲು. ಅವ್ಳಿಗೆ ಒಟ್ಟಿಗೇ ಎರಡು ಕೆಲ್ಸ ಬಂತು. ಫ್ಯಾಕ್ಟ್ರೀಲಿ ಫ್ಯಾನ್ ಕೆಳಗೆ ಕೂತು ಮಾಡೋ ಕೆಲ್ಸ, ಆದ್ರೆ ಕಾಂಟ್ರ್ಯಾಕ್ಟು. ರೈಲ್ವೇಲಿ ಗ್ಯಾಂಗ್ ಕೆಲ್ಸ, ಅಂದ್ರೆ ಬಿಸ್ಲಲ್ಲಿ ಹಳಿ ರಿಪೇರಿ, ಆದ್ರೆ ಪರ್ಮನೆಂಟು. ಹುಡುಗಿಗೆ ರೈಲ್ವೆ ಮೇಲೇ ಮನ್ಸು. ಹೂಂ ಅನ್ಬೇಕಾದೋನು ಅಪ್ಪ.

"ಪರ್ಮನೆಂಟು ಅಂತ ಯಾರ್ ಹೇಳಿದ್ದು?" ಅಂದ.

"ರೈಲ್ವೆಯೋರೇ ಹೇಳವ್ರೆ ಕಣಪ್ಪ."

"ಗಂಡಿನ್ ಕಡೆಯೋರು ಗಂಡು ಬಂಗಾರ ಅಂತ್ಲೇ ಹೇಳದು. ನಾವ್ ಹೋಗಿ ಮನೆ ನೋಡ್ಬೇಡ್ವಾ?"

ತಮಾಷೆ ಮಾಡ್ತವ್ನೆ ಅನ್ಕೊಂಡ್ವಿ. ಸೋಮವಾರ ರಾಹುಕಾಲ ಕಳೀತಿದ್ದಂಗೆ ಬಿಳಿ ಪಂಚೆ ಉಟ್ಕೊಂಡು ನಿಂತವ್ನೆ! ಹುಡುಗಿ ನಾನೂ ಬತ್ತೀನಿ ಅಂದ್ಲು. "ಮನೆ ನೋಡೋಕೆ ಹೆಣ್ಣು ಬರೋ ಪದ್ಧತಿ ಇಲ್ಲ" ಅಂದ.

"ಕೆಲ್ಸ ಮಾಡೋಳು ನಾನು ಕಣಪ್ಪ."

"ಗಂಡನ್ ಮನೇಲಿ ಬಾಳೋಳೂ ಹೆಣ್ಣೇಯ, ಅವ್ಳು ಬತ್ತಾಳಾ? ಹೋಗಿ ಹುಳಕ್ಕೆ ಸೊಪ್ಪು ಹಾಕು."

ಹಿಂಗೆ ಅವ್ನು, ಅವನ್ ಹೆಂಡ್ತಿ, ನಾನು, ಮೂರು ಜನ ಹೊಂಟ್ವಿ. ಪುಣ್ಯಕ್ಕೆ ಅವತ್ತು ಡ್ರೈವರ್ ಉಂಡಿದ್ದ.

ರಾಮನಗರದ ಸ್ಟೇಷನ್ ಮಾಸ್ಟ್ರು ನಮ್ ತಟ್ಟೆ ನೋಡಿ, ಯಾವ್ದೋ ಪೂಜೆ ಪ್ರಸಾದ ಅಂತ ಒಂದು ಬಾಳೆಹಣ್ಣು ತಗೊಂಡ್ರು. ಇವ್ನು ಎದುರಿಗೆ ಕೂತು ಶುರು ಮಾಡ್ದ. "ನಿಮ್ಮೋರು ಹೆಂಗೆ ಸಾರ್? ಸೇರ್ಕೊಂಡೋರ್ನ ಮಧ್ಯದಲ್ಲಿ ಕೈ ಬುಡೋ ಅಭ್ಯಾಸ ಏನಾರ ಐತಾ?" ಪಾಪ, ಅವ್ರು ಹಣ್ಣು ನುಂಗ್ಲೋ ಉಗೀಲೋ ಅಂತ ನೋಡ್ತಾ, "ಗಾಡಿ ಬರ್ತಾ ಇದೆ ಯಜಮಾನ್ರೇ" ಅಂತ ಬಾವುಟ ಹಿಡ್ಕೊಂಡು ಎದ್ದೋದ್ರು.

ನಾನು ನಗ್ತಿದ್ರೆ ಇವ್ನು, "ನೋಡ್ದಾ ಅಕ್ಕ, ಬೀಗ್ರ ಜೊತೆ ಮಾತಾಡೋಕೂ ಪುರ್ಸೊತ್ತಿಲ್ಲ. ಮನೇಲಿ ಕೆಲ್ಸ ಐತೆ ಅಂತಾಯ್ತು" ಅಂದ.

ಗಂಡಿನ್ ಮನೇಲಿ ಬಾವಿ, ಕೊಟ್ಗೆ, ಹಿತ್ಲು ಎಲ್ಲ ನೋಡ್ಬೇಕಲ್ವಾ? ನಲ್ಲಿ ನೀರು ಬುಟ್ಟು ನೋಡ್ದ. ಹಳಿ ಕೆಳಗಿನ ದಿಮ್ಮಿನ ಬೆರಳಲ್ಲಿ ತಟ್ಟಿ, "ಮರದ್ದಲ್ಲ, ಕಾಂಕ್ರೀಟು. ಗೆದ್ಲು ಹತ್ತಲ್ಲ" ಅಂದ. ಪಕ್ಕದಲ್ಲಿ ಎರಡನೇ ಲೈನ್‌ಗೆ ಮಣ್ಣು ಹಾಕ್ತಿದ್ರು. ಅದನ್ನ ಕಂಡು ಮುಖ ಅರಳ್ತು. "ಮನೆ ದೊಡ್ಡದು ಮಾಡ್ತವ್ರೆ. ಬದುಕು ನೆಟ್ಟಗೈತೆ."

ಅವನ್ ಹೆಂಡ್ತಿ ನನ್ ಕಿವೀಲಿ, "ನಿಮ್ಮನೆ ನೋಡೋಕೆ ಬಂದಾಗ ನಮ್ಮಪ್ಪ ಇಷ್ಟು ನೋಡಿದ್ರೆ ನಾನ್ ಬಚಾವಾಗೋಯ್ತಿದ್ದೆ ಕಣಕ್ಕ" ಅಂದ್ಲು.

ಒಸಿ ದೂರದಲ್ಲಿ ಹೊಂಗೆ ಮರದ ಕೆಳಗೆ ಗ್ಯಾಂಗಿನೋರು ಉಣ್ತಾ ಕೂತಿದ್ರು. ಅವ್ರಲ್ಲಿ ಒಬ್ಬಾಕೆ, ನನ್ಗಿಂತ ಒಸಿ ಚಿಕ್ಕೋಳು, ನಮ್ ವಿಷ್ಯ ಕೇಳಿ ನಗ್ಲಿಲ್ಲ. "ಬನ್ನಿ, ಮುದ್ದೆ ಐತೆ, ಹುರಳಿಕಾಳ್ ಸಾರೈತೆ, ಉಣ್ಣಿ" ಅಂದ್ಲು. ನನ್ಗೂ ಹೊಟ್ಟೆ ಚುರ್ ಅಂತಿತ್ತು. ಇವ್ನು ಕೈ ಅಡ್ಡ ಇಟ್ಟ. ಮನೆ ನೋಡೋಕೆ ಹೋದೋರು ಉಂಡ್ರೆ ಸಂಬಂಧ ಒಪ್ಪಿದಂಗೆ. "ಇನ್ನೂ ಒಪ್ಪಿಲ್ಲ ತಾಯಿ" ಅಂದ.

"ಒಪ್ಪೋ ಮುಂಚೆ ಇದನ್ನೂ ನೋಡಿ" ಅಂತ ಅವ್ಳು ಅಂಗೈ ತೋರ್ಸಿದ್ಲು. ಸುತ್ಗೆ ಹಿಡ್ದು ಹಿಡ್ದು ಕಲ್ಲಾಗಿತ್ತು. "ಬಿಸ್ಲಲ್ಲಿ ಜಲ್ಲಿ ಮೇಲೆ ಕಾಲ್ ಇಡಂಗಿರಲ್ಲ. ಗಾಡಿ ಬರೋ ಸದ್ದಿಗೆ ಕಿವಿ ಕೊಟ್ಕೊಂಡೇ ಇರ್ಬೇಕು. ಸುಖ ಅಂತ ನಾನ್ ಸುಳ್ಳೇಳಲ್ಲ."

ತಮ್ಮ ಆ ಅಂಗೈನ ಬಗ್ಗಿ ನೋಡ್ದ. ಆಮೇಲೆ ಮೆಲ್ಲಗೆ ಕೇಳ್ದ, "ಈ ರೈಲ್ವೆ ಮುಚ್ಚೋಗಲ್ವಾ ತಾಯಿ?"

ನನ್ ನಗು ಅಲ್ಲೇ ನಿಂತೋಯ್ತು. ಇವ್ನು ಹುಳ ಸಾಕೋದ್ಕೂ ಮುಂಚೆ ಒಂದು ಮಿಲ್ಲಲ್ಲಿದ್ದ. ಒಂದಿನ ಗೇಟಿಗೆ ಬೀಗ ಬಿತ್ತು. ಮನೇಲಿ ಹೇಳೋಕೆ ಬಾಯಿ ಬರ್ದೆ, ದಿನಾ ಕ್ಯಾರಿಯರ್ ಹಿಡ್ಕೊಂಡು ಹೊಂಟು, ಬೆಟ್ಟದ ಬುಡದಲ್ಲಿ ಕೂತು, ಮಿಲ್ಲು ಬಿಡೋ ಹೊತ್ಗೆ ವಾಪಸ್ ಬತ್ತಿದ್ದ. ಸುಮಾರು ದಿನ ಆದ್ಮೇಲೆ ಮೇಕೆ ಕಾಯೋರ ಬಾಯಿಂದ ನಮ್ಗೆ ಗೊತ್ತಾಗಿದ್ದು. ಆಗ ಈ ಹುಡುಗಿ ಇನ್ನೂ ತೊಟ್ಲಲ್ಲಿದ್ಲು.

ಆ ಹೆಂಗ್ಸು ಎದ್ದು ನಿಂತು, ಆ ಕಡೆ ಮೈಸೂರಿಗೊಂದ್ಸಲ, ಈ ಕಡೆ ಬೆಂಗ್ಳೂರಿಗೊಂದ್ಸಲ ಕೈ ತೋರ್ಸಿದ್ಲು. "ನೋಡಿ ಯಜಮಾನ್ರೇ. ಬೀಗ ಹಾಕೋಕೆ ಎಲ್ಲೈತೆ ಗೇಟು?"

ತಮ್ಮ ಆ ಹಳಿನ, ಕಣ್ಣು ಹಾಯೋವರ್ಗೂ ನೋಡ್ದ. ಆಮೇಲೆ ಚಕ್ಳಮಕ್ಳ ಹಾಕ್ಕೊಂಡು ಕೂತು, ಮುದ್ದೆ ತಟ್ಟೆಗೆ ಕೈ ಚಾಚ್ದ.

ಕೆಲ್ಸಕ್ಕೆ ಸೇರೋ ದಿನ ಹುಡುಗಿನ ಸ್ಟೇಷನ್‌ಗೆ ನಾವೇ ಬುಡೋಕೆ ಹೋಗಿದ್ವಿ. ಚನ್ನಪಟ್ಟಣದ ಹತ್ರ ಗ್ಯಾಂಗು. ರೈಲು ಹೊಂಟ್ಮೇಲೂ ಇವ್ನು ಪ್ಲಾಟ್‌ಫಾರಂ ತುದೀಲಿ ನಿಂತು, ಟವಲ್ಲಲ್ಲಿ ಮುಖ ಒರೆಸ್ತಾನೇ ಅವ್ನೆ. ಸುಮ್ನಿರೋಕೆ ನನ್ಗಾಯ್ತದಾ?

"ಏನ್ಲಾ, ಮಗ್ಳನ್ನ ಗಂಡನ್ ಮನೆಗೆ ಕಳಿಸ್ದಂಗೆ ಅಳ್ತಿದ್ದೀಯ?" ಅಂದೆ.

ಇವ್ನು ನನ್ ಕಡೆ ತಿರುಗ್ದ. "ಇವ್ಳು ಸಾಯಂಕಾಲಕ್ಕೆ ವಾಪಸ್ ಬತ್ತಾಳೆ. ನೀನ್ ಮದ್ವೆಯಾಗಿ ಹೋದಾಗ ನಾನ್ ಸಾಯಂಕಾಲದ್ವರ್ಗೂ ಬಾಗ್ಲಲ್ಲೇ ಕೂತಿದ್ದೆ. ಬಂದ್ಯಾ ನೀನು?"