ಹತ್ತು ಲಕ್ಷದ ಮೂರು, ಶೇಷ ನಾಲ್ಕು

ನಲ್ಲಿ ನೀರಿನ ಅರ್ಜಿಯು ತನ್ನ ಕ್ರಮಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುವ ಮೇಜಿನಲ್ಲಿ ಮಾತ್ರ ವಿಲೇವಾರಿಯಾಗತಕ್ಕದ್ದು ಎಂಬುದು ನೀರು ಸರಬರಾಜು ಕಚೇರಿಯ ನಿಯಮ. ಇಲ್ಲಿ ಅರ್ಜಿ ತೆಗೆದುಕೊಳ್ಳುವ ಮೇಜುಗಳು ನಾಲ್ಕು: ಎರಡು, ಮೂರು, ಐದು, ಏಳು. ಈ ನಿಯಮದ ಬಗ್ಗೆ ಈವರೆಗೆ ಯಾರ ತಕರಾರೂ ದಾಖಲಾಗಿಲ್ಲ. ತಕರಾರು ಅರ್ಜಿಗೂ ಕ್ರಮಸಂಖ್ಯೆ ಬೀಳುತ್ತದೆ.

ಲೆಕ್ಕದಮ್ಮನವರಿಗೆ ಬಿದ್ದ ಸಂಖ್ಯೆ ೧೦,೦೦,೦೦೩. ಸಾಲಿನಲ್ಲಿ ದೊಡ್ಡ ಮನಸ್ಸು ಮಾಡಿ ಓರಗಿತ್ತಿಯನ್ನು ಮುಂದೆ ಬಿಟ್ಟಿದ್ದರು. ಅವಳದು ೧೦,೦೦,೦೦೨, ಎರಡರಿಂದಲೂ ಹೋಯಿತು, ಮೂರರಿಂದಲೂ ಹೋಯಿತು. ಎರಡು ಮೇಜುಗಳೂ ಮಂಜೂರು ಮಾಡಿದ್ದರಿಂದ ಅವಳ ಮನೆಗೆ ಎರಡು ನಲ್ಲಿ. ಲೆಕ್ಕದಮ್ಮನವರದು ನಾಲ್ಕರಲ್ಲಿ ಯಾವುದರಿಂದಲೂ ಹೋಗದೆ ನಿಂತಿತು; ಅವರು ದಿನಾ ಅಲ್ಲಿಂದ ಕೊಡ ಹೊತ್ತರು.

"ಅಕ್ಕ, ನೀವು ಬಿಎಸ್ಸಿ ಮಾಡಿದವರು. ನಾನು ಲೆಕ್ಕದಲ್ಲಿ ಫೇಲಾದವಳು," ಎಂದು ಓರಗಿತ್ತಿ ನಲ್ಲಿ ತಿರುಗಿಸುವಾಗಲೆಲ್ಲ ನೆನಪಿಸುತ್ತಿದ್ದಳು. "ತುಂಬಿತಾ ನೋಡಿ."

ಸೊಂಟ ಹಿಡಿದ ಮೇಲೆ ಲೆಕ್ಕದಮ್ಮ ಕಚೇರಿಗೆ ನಡೆದರು.

"ಯಾವ ಸಂಖ್ಯೆಯಾದರೂ ಒಂದರಿಂದ ಭಾಗವಾಗುತ್ತಲ್ಲಪ್ಪ."

"ಒಂದನೇ ಮೇಜು ಸಾಹೇಬರದಮ್ಮ," ಎಂದ ಗುಮಾಸ್ತ. "ಎಲ್ಲ ಅರ್ಜಿಯೂ ಅಲ್ಲಿಗೇ ಬಂದೀತು ಅಂತ ಅವರು ಯಾವುದನ್ನೂ ತಗೊಳ್ಳಲ್ಲ."

"ಹಾಗಾದರೆ ಹತ್ತು ಲಕ್ಷದ ಮೂರು ಹತ್ತು ಲಕ್ಷದ ಮೂರರಿಂದಲೇ ಭಾಗವಾಗುತ್ತಲ್ಲ."

"ಹತ್ತು ಲಕ್ಷದ ಮೂರನೇ ಮೇಜು ಇನ್ನೂ ಮಂಜೂರಾಗಿಲ್ಲ. ಬೇರೆ ಯಾವುದರಿಂದ ಹೋಗುತ್ತೆ ಅಂತ ತೋರಿಸಿ, ಆ ನಂಬರಿನ ಮೇಜಿರುವ ಬೇರೆ ಶಾಖೆಗೆ ಕಳಿಸಿಬಿಡ್ತೀನಿ."

ಹೊತ್ತ ಕೊಡಗಳ ಲೆಕ್ಕ ಬರೆದಿಡುತ್ತಿದ್ದ ಪುಸ್ತಕವನ್ನೇ ತಿರುಗಿಸಿ, ಲೆಕ್ಕದಮ್ಮ ಹಿಂದಿನ ಹಾಳೆಯಿಂದ ಶುರುಮಾಡಿದರು. ಭಾಜಕವಿದ್ದರೆ ಒಂದಾದರೂ ಸಾವಿರದೊಳಗೆ ಸಿಗಲೇಬೇಕು. ಸಾವಿರದೊಳಗಿನ ಅವಿಭಾಜ್ಯ ಸಂಖ್ಯೆಗಳು ನೂರ ಅರವತ್ತೆಂಟು. ಹನ್ನೊಂದು ದಿನ, ನೂರ ಅರವತ್ತೆಂಟು ಭಾಗಾಕಾರ. ಯಾವುದರಿಂದಲೂ ಹೋಗಲಿಲ್ಲ. ಹತ್ತು ಲಕ್ಷದ ಮೂರು ಅಪ್ಪಟ ಅವಿಭಾಜ್ಯವೆಂದು ಸಾಬೀತಾದ ಹೆಮ್ಮೆಯಲ್ಲಿ ಅವರು ಅಂದು ನೀರು ತರುವುದನ್ನೇ ಮರೆತರು. ಸಾಧನೆಯನ್ನು ಅಂದವಾಗಿ ನಕಲು ಮಾಡಿ, ಸಹಿ ಹಾಕಿ ಕೊಟ್ಟರು.

ಗುಮಾಸ್ತ ಓದಿ ಕಡತ ಕಟ್ಟಿದ.

"ಇಷ್ಟು ದಿನ ನಮಗೆ ಅನುಮಾನವಿತ್ತು, ಕಡತ ತೆರೆದಿಟ್ಟಿದ್ವಿ. ಈಗ ಯಾವ ಮೇಜಿಗೂ ಸೇರಲ್ಲ ಅಂತ ನೀವೇ ಬರೆದುಕೊಟ್ಟಿದ್ದೀರಿ."

ಲೆಕ್ಕದಮ್ಮ ಹಾಕಿದ ಮೇಲ್ಮನವಿಗೆ ಉತ್ತರ ಬಂದಿತು: "ಸದರಿ ಸಂಖ್ಯೆಯು ಸಾರ್ವಜನಿಕ ಹಿತದೃಷ್ಟಿಯಿಂದ ಏಳರಿಂದ ಭಾಗವಾಗುತ್ತದೆಂದು ಪರಿಗಣಿಸಲಾಗಿದೆ. ಅರ್ಜಿದಾರರು ಅವಿಭಾಜ್ಯವೆಂಬ ತಮ್ಮ ಹೇಳಿಕೆಯನ್ನು ಹಿಂಪಡೆದು, ಉಳಿಯುವ ಶೇಷ ನಾಲ್ಕನ್ನು ಸ್ವಂತ ಜವಾಬ್ದಾರಿಯಲ್ಲಿ ಮನೆಯಲ್ಲಿಟ್ಟುಕೊಂಡು ತಪಾಸಣೆಗೆ ಹಾಜರುಪಡಿಸತಕ್ಕದ್ದು."

"ಏಳೇ ಏಕಪ್ಪ?" ಎಂದು ಗುಮಾಸ್ತನನ್ನು ಕೇಳಿದರು.

"ಆ ಮೇಜಿನವರಿಗೆ ಕೆಲಸ ಕಡಿಮೆ."

ಲೆಕ್ಕದಮ್ಮ ಪೆನ್ನು ಹಿಡಿದರು. ಒಂದು ಕಡೆ ನೂರ ಅರವತ್ತೆಂಟು ಭಾಗಾಕಾರ, ಇನ್ನೊಂದು ಕಡೆ ಸೊಂಟ. ಸಹಿ ಹಾಕಿದರು. ಪುಸ್ತಕದಲ್ಲಿ ಮಾತ್ರ ಒಂದು ಸಾಲನ್ನೂ ಹೊಡೆದುಹಾಕಲಿಲ್ಲ.

ನಲ್ಲಿ ಬಂದ ತಿಂಗಳಿಗೆ ತಪಾಸಣಾಧಿಕಾರಿಯೂ ಬಂದರು. ಲೆಕ್ಕದಮ್ಮ ಬೇಡವಾದ ನಾಲ್ಕು ಖಾಲಿ ಕೊಡಗಳನ್ನು ಸಾಲಾಗಿ ಇಟ್ಟಿದ್ದರು. ಅಧಿಕಾರಿ ಎರಡು ಸಲ ಎಣಿಸಿ, "ಶೇಷ ಸುಸ್ಥಿತಿಯಲ್ಲಿದೆ" ಎಂದು ಬರೆದು ಬಾಗಿಲಿಗೆ ಚೀಟಿ ಅಂಟಿಸಿ ಹೋದರು.

ಓರಗಿತ್ತಿ ಆ ಚೀಟಿಯನ್ನು ಓದಿ ಬಂದಳು.

"ಅಕ್ಕ, ನನಗೇಕೆ ಶೇಷ ಕೊಡಲಿಲ್ಲ?"

"ನಿನ್ನದು ಪೂರ್ತಿ ಭಾಗವಾಗಿ ಹೋಯಿತಲ್ಲೇ. ಏನು ಉಳಿದೀತು?"

ಮಾರನೆಯ ದಿನ ಅವಳು ಶೇಷ ಮಂಜೂರಾತಿಗೆ ಅರ್ಜಿ ಹಾಕಲು ಹೋದಳು. ಸಾಲಿನಲ್ಲಿ ಅವಳ ಮುಂದೆ ಆಗಲೇ ಅರ್ಧ ಬೀದಿ ನಿಂತಿತ್ತು. ಅರ್ಜಿ ತುಂಬುವುದು ಹೇಗೆಂದು ಕೇಳಲು ಉಳಿದರ್ಧ ಬೀದಿ ಲೆಕ್ಕದಮ್ಮನ ಜಗುಲಿಯಲ್ಲಿ ಕೂತಿತ್ತು.